ಹಿಂದಿನ ಸೀಟು

ಮಾವನ ಬಲಗಿವಿ ಸದಾ ಕಪ್ಪಗಿರುತ್ತಿತ್ತು. ಬೋಳುತಲೆ, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಧೋತರ, ಎಲ್ಲ ಚೊಕ್ಕಟ. ಆ ಕಿವಿಯೊಂದು ಮಾತ್ರ ಗ್ಯಾರೇಜಿನದು. ಯಾವುದೇ ಹಳೆಯ ಕಬ್ಬಿಣ ಕೈಗೆ ಸಿಗಲಿ, ಅದನ್ನು ಕಿವಿಗೆ ಒತ್ತಿಕೊಂಡು ಉಂಗುರದಿಂದ ತಟ್ಟಿ ಕೇಳುತ್ತಿದ್ದ.

ಅವನು ನನ್ನ ತಾಯಿಯ ಅಣ್ಣ, ಬೈಲಹೊಂಗಲದಲ್ಲಿ ಹತ್ತಿ ವ್ಯಾಪಾರಿ. ತೊಂಬತ್ತರ ದಶಕದಲ್ಲಿ ಒಂದು ದಿನ ಕಿತ್ತೂರು ಕಡೆಯ ಇನಾಮದಾರರ ವಾಡೆಯಿಂದ, ಒಳಗೆ ದನದ ಹೊಟ್ಟು ತುಂಬಿಸಿಕೊಂಡು ನಿಂತಿದ್ದ ವಿಲಾಯತಿ ಕಾರೊಂದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದ. ಹಸಿರು ಬಣ್ಣದ್ದು. ಅದು ಎಂದೂ ಹಸಿರಿರಲಿಲ್ಲ ಎನ್ನುತ್ತಾಳೆ ಅತ್ತೆ. ಇರಲಿ, ನನ್ನ ನೆನಪಿನಲ್ಲಿ ಯಾವ ಭಾಗ ಅಸಲು, ಯಾವುದು ಆಮೇಲೆ ಕೂಡಿಸಿದ್ದು ಎಂದು ತಟ್ಟಿ ಹೇಳಲು ಈಗ ಮಾವ ಇಲ್ಲ.

ವಾಡೆಯ ಆಳುಗಳು ಕಾರನ್ನು ಸುತ್ತಲಿನ ಊರುಗಳಿಗೆಲ್ಲ ಹಂಚಿಬಿಟ್ಟಿದ್ದರು. ಅಸಲಿ ಭಾಗಗಳೆಲ್ಲ ಕೂಡಿದ ಮೇಲೆಯೇ ಕಾರು ಓಡಿಸುವುದೆಂದು ಮಾವ ಪಣ ತೊಟ್ಟ. ಅಸಲು ಯಾವುದೆಂದು ಅರಿಯಲು ಅವನಲ್ಲೊಂದು ಪರೀಕ್ಷೆ ಇತ್ತು: "ಅಸಲ್ ಇದ್ದದ್ದು ಸುತ್ತಿಗಿ ಕೇಳಂಗಿಲ್ಲೋ ತಮ್ಮಾ. ತನ್ನ ಜಾಗಾಕ್ಕ ತಾನ ಹೋಗಿ ಕುಂಡ್ರತೈತಿ." ಅಳತೆಪಟ್ಟಿಯನ್ನು ಅವನು ಮುಟ್ಟುತ್ತಿರಲಿಲ್ಲ. ಇಡೀ ಕಾರಿನ ಅಳತೆ ಅವನ ಗೇಣಿನಲ್ಲಿತ್ತು. ಗುಜರಿಯವನೊಬ್ಬ ತಂದ ಕನ್ನಡಿಯನ್ನು ಒಮ್ಮೆ ತಟ್ಟಿ, "ಟ್ರ್ಯಾಕ್ಟರಿಂದ ಐತಿ, ಹೊಲದ ದನಿ ಬರತೈತಿ" ಎಂದು ಮರಳಿಸಿದ್ದ.

ಯಾರಿಂದ ಭಾಗ ತಂದರೂ ಅದಕ್ಕೆ ಬದಲಿಯಾಗಿ ತನ್ನ ಮನೆಯ ವಸ್ತು ಕೊಡುವುದು ಅವನ ರೀತಿ. ಮನೋಳಿಯ ಮುದುಕಿಯೊಬ್ಬಳು ಹೆಡ್‌ಲೈಟಿನ ಬೋಗುಣಿಯಲ್ಲಿ ಕೋಳಿಗೆ ನೀರಿಡುತ್ತಿದ್ದಳು. ಅವಳಿಗೆ ಅತ್ತೆಯ ತವರಿನ ಹಿತ್ತಾಳೆ ಬೋಗುಣಿ ಹೋಯಿತು. ರಾಮದುರ್ಗದ ನೇಕಾರರ ಮನೆಯಲ್ಲಿ ಕಾರಿನ ಬಾಗಿಲ ಹಿಡಿಕೆ ದೇವರ ಕೋಣೆಯ ಕದಕ್ಕಿತ್ತು. ಮಾವ ಮೊದಲು ಅದಕ್ಕೆ ಕೈಮುಗಿದ, ಆಮೇಲೆ ಬಿಚ್ಚಿದ. ಮಾವನ ಅಡುಗೆಮನೆಯ ಕದದ ಹಿಡಿಕೆ ಅಲ್ಲಿಗೆ ಹೋದ ಮೇಲೆ ಅತ್ತೆ ಕದಕ್ಕೆ ಹಗ್ಗ ಕಟ್ಟಿಕೊಂಡಳು.

"ಕಾರ ಮನಿ ಆಗಾಕ ಹತ್ತೈತಿ, ಮನಿ ಗುಜರಿ ಆಗಾಕ ಹತ್ತೈತಿ," ಎಂದಳು.

"ಇನ್ನ ಹಿಂದಿನ ಸೀಟ ಒಂದ ಸಿಕ್ರ ಮುಗೀತು. ಮೊದಲ ನಿನ್ನ ಕುಂಡ್ರಸ್ತೇನಿ."

"ಅದಕ್ಕ ಬದಲಿ ನನ್ನ ಕೊಟ್ಟ ಬರಬ್ಯಾಡ್ರಿ ಮತ್ತ."

ಸೀಟಿನ ಸುಳಿವು ಸಿಕ್ಕಿದ್ದು ಮುರಗೋಡದಲ್ಲಿ. ಕಟಿಂಗ್ ಅಂಗಡಿಯೊಂದರಲ್ಲಿ, ಗಿರಾಕಿಗಳು ಪಾಳಿ ಕಾಯುತ್ತ ಕೂರುವ ಚರ್ಮದ ಸೀಟು. ಓದು ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನೂ ಜೊತೆಗೆ ಹೋಗಿದ್ದೆ. ಮಾವ ಎತ್ತಿನ ಬೆನ್ನು ಸವರುವಂತೆ ಸೀಟಿನ ಈ ತುದಿಯಿಂದ ಆ ತುದಿಗೆ ಅಂಗೈ ಊರುತ್ತ ಹೋದ. ಪ್ರೀತಿಯಿಂದ ಎಂದುಕೊಂಡೆ.

"ಇನಾಮದಾರ್ರು ನಮ್ಮಪ್ಪಗ ತಮ್ಮ ಕಾರಿಂದು ಬಿಚ್ಚಿ ಕೊಟ್ಟಿದ್ರಿ," ಎಂದ ಅಂಗಡಿಯವನು. "ನಮ್ಮಪ್ಪ ಸಾಯೂತನಕ ಇದನ್ನ ಹೇಳತಿದ್ದ. ಕಡೀಕ ಇದರ ಮ್ಯಾಲ ಕುಂತಽ ಹ್ವಾದ."

ಮಾವ ಸೀಟಿನಿಂದ ಕೈ ತೆಗೆದು, "ಬದಲಿ ನಮ್ಮ ತೂಗುಮಂಚ ಕೊಡ್ತೇನಿ," ಎಂದ. ಯಾಕೋ ದನಿಯಲ್ಲಿ ಜೋರಿರಲಿಲ್ಲ.

"ತೂಗಿದ್ರ ಗಿರಾಕಿಗೆ ನಿದ್ದಿ ಹತ್ತತೈತ್ರಿ. ಪಾಳಿ ಬಂದಾಗ ಎಬ್ಬಸಾವ್ರು ಯಾರು? ಸಾವ್ಕಾರ್ರ, ಕೇಳಬ್ಯಾಡ್ರಿ. ಕುಂಡ್ರಬೇಕಂದ್ರ ಬೇಕಾದಾಗ ಬಂದ ಕುಂಡ್ರಿ."

ಮಾವ ಅದನ್ನು ಅಕ್ಷರಶಃ ಪಾಲಿಸಿದ. ವಾರಕ್ಕೊಮ್ಮೆ ಮನೆಯಲ್ಲಿ ಕಾರು ಚಾಲೂ ಮಾಡುವುದು, ದನಿ ಕೇಳುವುದು, ಬಂದ್ ಮಾಡುವುದು. ಆಮೇಲೆ ಬಸ್ಸು ಹತ್ತಿ ಮುರಗೋಡಕ್ಕೆ ಹೋಗುವುದು. ತಲೆಯಲ್ಲಿ ಕೂದಲಿಲ್ಲದ ಮನುಷ್ಯ ಕಾರು ಬಿಟ್ಟು, ಬಸ್ಸಿನಲ್ಲಿ, ಪರ ಊರಿಗೆ ಕಟಿಂಗಿಗೆ ಹೊರಡುವುದನ್ನು ಓಣಿಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. "ಇವತ್ತ ಯಾವ ಕೂದಲದ ಪಾಳೀರಿ ಸಾವ್ಕಾರ್ರ?" ಎನ್ನುತ್ತಿದ್ದರು. ವರ್ಷಗಳು ಹೋದವು. ಕಾರು ಹಿತ್ತಿಲು ಬಿಟ್ಟು ಕದಲಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೊಂದು ಬೇಸಿಗೆಯಲ್ಲಿ ಮಾವ ಹೋದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಯಾವುದರ ಮೇಲೆ ಕೂರಿಸುವುದೆಂದು ಮಾತು ನಡೆದಿರುವಾಗ ಬಾಗಿಲಿಗೆ ಟೆಂಪೊ ಬಂತು. ಕಟಿಂಗ್ ಅಂಗಡಿಯವನು ಸೀಟು ಇಳಿಸಿದ.

"ಕಟಿಂಗ್ ಅಂಗಡಿ ಸೀಟಿನ ಮ್ಯಾಲ ಕುಂಡ್ರಸೂದಾ?" ಎಂದರು ಹಿರಿಯರೊಬ್ಬರು.

"ಸಾವ್ಕಾರ್ರಿಗೇನ ಹೊಸಾದಲ್ರಿ," ಎಂದ ಅವನು.

ಅತ್ತೆ, "ಕುಂಡ್ರಸ್ರಿ," ಎಂದಳು.

ಮಾವ ಪಾಳಿ ಕಾಯುವವನಂತೆ ಕುಳಿತ. ಕಿವಿಯನ್ನು ಎಷ್ಟು ತೊಳೆದರೂ ಕಪ್ಪು ಹೋಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಂಗಡಿಯವನು, "ಒಮ್ಮೆರೆ ಕಾರಿನ್ಯಾಗ ಕುಂಡ್ರಸಿ ನೋಡೂಣ್ರಿ, ಸಾವ್ಕಾರ್ರ ಆಸೆ," ಎಂದ. ಇಬ್ಬರೂ ಎತ್ತಿ ಒಯ್ದೆವು. ಒಂದು ತುದಿ ಒಳಗೆ ಹೋಯಿತು, ಇನ್ನೊಂದು ಬಾಗಿಲಿಗೆ ಅಡ್ಡ ನಿಂತಿತು. ಸೀಟು ಒಂದು ಗೇಣಿನಷ್ಟು ಹೆಚ್ಚೇ ಇತ್ತು. ಸುತ್ತಿಗೆ ಅಲ್ಲೇ ಬಿದ್ದಿತ್ತು. ನಾನು ಎತ್ತಲಿಲ್ಲ. ಮಾವ ಅಂಗೈ ಊರುತ್ತ ಹೋದದ್ದು ನೆನಪಾಯಿತು.

ಅಂಗಡಿಯವನು ಕಾರನ್ನು ಹಿಂದೆ ಮುಂದೆ ಸುತ್ತಿ ನೋಡಿದ. "ಸೀಟ ಅಸಲ್ ಐತ್ರಿ," ಎಂದ ಕಡೆಗೆ. "ನಿಮ್ಮ ಕಾರ ಬ್ಯಾರೆ ಇರಬೇಕು."

"ಇರಬೇಕಪಾ," ಎಂದಳು ಅತ್ತೆ.

ಸೀಟು ಹೇರಿಕೊಂಡು ಟೆಂಪೊ ಓಣಿ ದಾಟಿದ ಮೇಲೆ ಹೇಳಿದಳು: "ಮೊದಲನೇ ದಿನಾನ ಅಂದಿದ್ರು, ಸೀಟ ನಮ್ಮದಲ್ಲ ಅಂತ. ಅವರಪ್ಪನ ಮಾತ ಸುಳ್ಳ ಮಾಡಾಕ ಬಾಯಿ ಬರಲಿಲ್ಲ ಅಂದ್ರು. ಆಮ್ಯಾಲ ಅಲ್ಲೇ ಚಟಾ ಹತ್ತಿತು."

ಈಗಲೂ ಆ ಕಡೆ ಹೋದಾಗ ನನ್ನ ಕಟಿಂಗ್ ಮುರಗೋಡದಲ್ಲೇ. ಹೊಸ ಗಿರಾಕಿಗಳಿಗೆ ಅಂಗಡಿಯವನು ಸೀಟಿನ ಕಥೆ ಹೇಳಿ, ನನ್ನತ್ತ ತಿರುಗಿ, "ಹೌದಿಲ್ರಿ?" ಎನ್ನುತ್ತಾನೆ.

"ಹೌದ್ರಿ," ಎನ್ನುತ್ತೇನೆ. ಅಷ್ಟನ್ನು ಮಾವ ಕಲಿಸಿಹೋಗಿದ್ದಾನೆ. ಕೈಗಳನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೇ ಆ ಸೀಟಿನ ಮೇಲೆ ಕೂರುತ್ತೇನೆ.