ಐದನೇ ಹಾಡು ಸ್ವಲ್ಪ ಉದ್ದವಾಯಿತು

ಒಂದು ತಿಂಗಳಿಗೆಂದು ಮನೆಗೆ ಬಂದ ಕ್ಯಾಸೆಟ್ಟನ್ನು ನಾನು ಐದು ತಿಂಗಳು ಇಟ್ಟುಕೊಂಡೆ. ಅದರ ಮೇಲಿನ ಪ್ರೀತಿಗಲ್ಲ. ಅದರೊಳಗಿನ ಸದ್ದು ನನಗೆ ಯಾವತ್ತೂ ಹಿಡಿಸಿದ್ದಿಲ್ಲ.

ಅದು ಪರದೇಶದ ಒಬ್ಬ ಗಿಟಾರ್ ವಾದಕನ ಹಳೆಯ ಹಾರ್ಡ್ ರಾಕ್ ಆಲ್ಬಮ್. ಅವನ ಹೆಸರು ನನ್ನ ಬಾಯಲ್ಲಿ ಬಂದರೆ ಬಲ್ಲವರು ನಗುತ್ತಾರೆ, ಬಿಡಿ. ನಮ್ಮ ಕಡೆ ಅವನಿಗೆ ಮೂವರು ಅಭಿಮಾನಿಗಳು. ಹೊಸನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ನಮ್ಮನೆಯವರು, ಸಾಗರದ ಟೈಲರ್ ಇಕ್ಬಾಲ್, ತೀರ್ಥಹಳ್ಳಿಯ ಡ್ರಾಯಿಂಗ್ ಮೇಷ್ಟ್ರು ಮಂಜಪ್ಪ. ಕಾಲೇಜಿನಲ್ಲಿದ್ದಾಗ ಮೂವರೂ ಸೇರಿ ಕೊಂಡದ್ದು ಒಂದೇ ಕ್ಯಾಸೆಟ್ಟು. ಅಂದಿನಿಂದ ಅದು ತಿಂಗಳಿಗೊಬ್ಬರ ಮನೆಯಲ್ಲಿ. ತಿಂಗಳು ಮುಗಿದರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಮುಂದಿನ ಊರಿಗೆ ಕಳಿಸಬೇಕು. ಆಮೇಲೆ ಮೂವರ ಫೋನಿನಲ್ಲೂ ಆ ಹಾಡುಗಳು ಬಂದವು. "ಫೋನಲ್ಲಿ ಯಾವಾಗ ಬೇಕಾದ್ರೂ ಸಿಗ್ತದೆ, ಅದಕ್ಕೇ ಯಾವತ್ತೂ ಕೇಳಲ್ಲ" ಅನ್ನುತ್ತಿದ್ದರು ನಮ್ಮನೆಯವರು.

ಕ್ಯಾಸೆಟ್ಟಿನ ಜೊತೆ ಒಂದು ನೋಟ್‌ಬುಕ್ಕೂ ಓಡಾಡುತ್ತದೆ. ಅದರಲ್ಲಿ ಒಂದು ಸಾಲಾದರೂ ಬರೆಯದೆ ಮುಂದಕ್ಕೆ ಕಳಿಸುವ ಹಾಗಿಲ್ಲ. ಇಕ್ಬಾಲ್ ಬರೆಯುತ್ತಾರೆ: 'ಮೂರನೇ ಹಾಡು ಹೊಸ ಕತ್ತರಿ ಬಟ್ಟೆ ಮೇಲೆ ಹೋದ ಹಾಗೆ ಹೋಗುತ್ತದೆ.' ಮೇಷ್ಟ್ರು ಬರೆಯುತ್ತಾರೆ: 'ಎರಡನೇ ಹಾಡಿಗೆ ಹತ್ತಕ್ಕೆ ಒಂಬತ್ತು. ಅಹಂಕಾರ ಬಾರದಿರಲೆಂದು ಒಂದು ಕಡಿಮೆ.'

ನಾನು ಮಾತ್ರ, "ಬೇರಿಂಗ್ ಹೋದ ಮೋಟಾರಿನ ಸದ್ದೂ ಹೀಗೇ ಅಲ್ವಾ?" ಎಂದು ನಮ್ಮನೆಯವರನ್ನು ಕೆಣಕುತ್ತಿದ್ದೆ. "ಬೇರಿಂಗ್ ಸರಿಯಾಗೇ ಇದೆ ಮಾರಾಯ್ತಿ, ಲೋಡ್ ಜಾಸ್ತಿ ಅಷ್ಟೆ" ಅನ್ನುತ್ತಿದ್ದರು.

ಅವರು ತೀರಿಕೊಂಡಾಗ ಸರದಿ ನಮ್ಮದಾಗಿತ್ತು. ಮಾತಾಡಿಸಲು ಬಂದ ಗೆಳೆಯರಿಬ್ಬರೂ "ಕ್ಯಾಸೆಟ್ ನಿಮ್ಮತ್ರನೇ ಇರ್ಲಿ ಅತ್ತಿಗೆ" ಎಂದು ಹೇಳಿ ಹೋದರು. ಎಲ್ಲರೂ ಹಾಗೆಯೇ, ಬಹಳ ಮೃದು. ನನ್ನ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಚೆನ್ನಾಗಿದೆ ಎಂದು ಉಣ್ಣುತ್ತಿದ್ದರು. ನಾನು ತಪ್ಪು ಹೇಳಿದರೂ ಹೌದು ಹೌದು ಅನ್ನುತ್ತಿದ್ದರು. ಒಳ್ಳೆಯತನದಲ್ಲಿ ಉಸಿರು ಕಟ್ಟಬಹುದೆಂದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೇಳಿದ. "ಏನಕ್ಕಾ, ಪಾರ್ಸೆಲ್ ಇಲ್ವಾ? ಸಾಗರದ ಟೈಲರು ತಿಂಗಳ ಮೊದಲನೇ ದಿನ ಬಸ್ಸಿನ ಹತ್ರ ಬಂದು ನಿಂತು ಹೋಗ್ತಾರೆ. ಕೇಳಿದ್ರೆ ಏನಿಲ್ಲ ಅಂತಾರೆ."

ನೆನಪಿಗೆಂದು ನಾನು ಇಟ್ಟುಕೊಂಡರೆ ಆ ಇಬ್ಬರ ಕೇಳುವಿಕೆಯೂ ನಿಂತೇಹೋಗುತ್ತದೆ. ಕಳಿಸಲೇಬೇಕು. ಆದರೆ ಒಂದು ಸಾಲು ಬರೆಯಬೇಕಲ್ಲ? ಕೇಳದೆ ಬರೆಯುವುದು ಮೋಸ.

ಮರುದಿನ ಮಧ್ಯಾಹ್ನ ಟೇಪ್ ರೆಕಾರ್ಡರ್ ಮುಂದೆ ಪರೀಕ್ಷೆಗೆ ಕೂತವಳ ಹಾಗೆ ಕೂತೆ. ಎರಡನೇ ಹಾಡು ಮುಗಿಯುವ ಹೊತ್ತಿಗೆ ನನ್ನ ಕಾಲು ನನ್ನನ್ನು ಕೇಳದೆ ತಾಳ ಹಾಕುತ್ತಿತ್ತು. ನಾಲ್ಕನೆಯದರಲ್ಲಿ ಆ ಪುಣ್ಯಾತ್ಮ ಒಂದೇ ಸ್ವರವನ್ನು ಎಷ್ಟು ಹೊತ್ತು ಹಿಡಿದನೆಂದರೆ, ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತೆ. ಐದನೆಯದು ಮಾತ್ರ, ಹೊರಡುತ್ತೇನೆಂದು ಚಪ್ಪಲಿ ಮೆಟ್ಟಿದ ನೆಂಟರು ಗೇಟಿನ ಬಳಿ ಅರ್ಧ ಗಂಟೆ ಮಾತಾಡುವ ಹಾಗಿತ್ತು. ಒಬ್ಬಳೇ ನಕ್ಕೆ. ನೋಟ್‌ಬುಕ್ಕಿನಲ್ಲಿ ನಮ್ಮನೆಯವರ ಕೊನೆಯ ಸಾಲಿನ ಕೆಳಗೆ ಬರೆದೆ: 'ಐದನೇ ಹಾಡು ಸ್ವಲ್ಪ ಉದ್ದವಾಯಿತು.' ಬಸ್ಸಿಗೆ ಕೊಟ್ಟು ಬಂದೆ.

ಸಂಜೆಯೇ ಇಕ್ಬಾಲರ ಫೋನು.

"ಏನತ್ತಿಗೆ ಬರ್ದಿದೀರಿ? ಐದನೇ ಹಾಡು ಉದ್ದವಾ?"

"ಉದ್ದವೇ. ಮುಗೀತು ಅಂತ ಎರಡು ಸಲ ಎದ್ದೆ."

"ನಿಮಗೆ ತಾಳ್ಮೆ ಇಲ್ಲ ಅಷ್ಟೆ. ಆ ಹಾಡಿಗೋಸ್ಕರನೇ ನಾವು ಕ್ಯಾಸೆಟ್ ತಗೊಂಡಿದ್ದು."

"ಹಂಗಾದ್ರೆ ಮೂವರೂ ಮೋಸ ಹೋಗಿದೀರಿ."

"ನಮ್ಮ ಗೆಳೆಯನೇ ಮೊಂಡ ಅಂದ್ಕೊಂಡಿದ್ದೆ, ನೀವು ಅವನಿಗಿಂತ ಮೇಲೆ" ಎಂದು ಫೋನ್ ಇಟ್ಟೇಬಿಟ್ಟರು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಐದು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನ ಜೊತೆ ಜಗಳವಾಡಿದ್ದರು. ಕನಿಕರಕ್ಕೆ ಎರಡು ಕಡೆ ಬೇಕಿಲ್ಲ, ಜಗಳಕ್ಕೆ ಬೇಕು. ಅಂದರೆ ನಾನೂ ಒಂದು ಕಡೆ ಇದ್ದೇನೆ ಎಂದಾಯಿತು.

ಎರಡು ತಿಂಗಳು ಕಳೆದ ಮೇಲೆ ಪಾರ್ಸೆಲ್ ವಾಪಸು ಬಂತು, ನನ್ನ ಹೆಸರಿಗೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಅತ್ತಿಗೆಯವರು ಮರುಪರೀಕ್ಷೆಗೆ ಕೂರತಕ್ಕದ್ದು.' ಈ ತಿಂಗಳು ಐದನೇ ಹಾಡನ್ನು ಒಂಬತ್ತು ಸಲ ಕೇಳಿದ್ದೇನೆ. ಈಗೀಗ ಚೆನ್ನಾಗಿಯೇ ಕೇಳಿಸುತ್ತದೆ. ಹಾಗೆಂದು ಬರೆಯುವಷ್ಟು ದಡ್ಡಿ ನಾನಲ್ಲ.