ಅಕ್ಕನ ಡಬ್ಬಿ ಬರಿದಾದ ವಾರ

ಇವತ್ತು ಮಾಡಿದ ಕೆಲಸಗಳು: ನಳ ಬರುವ ದಿನವಾದ್ದರಿಂದ ನಸುಕಿನಲ್ಲೆದ್ದು ಕೊಡ, ಬಕೀಟು, ಡ್ರಮ್ಮು ತುಂಬಿದ್ದು, ಹಾಲು ಕಾಯಿಸಿದ್ದು, ಶೇಂಗಾ ಹುರಿದು ಸಿಪ್ಪೆ ಊದಿದ್ದು, ಚೀಲದ ಹರಿದ ಹಿಡಿಕೆ ಹೊಲಿದದ್ದು, ನನ್ನ ಎಕ್ಸ್‌ಟೆನ್ಶನ್ನಿನ ತಿದ್ದಿದ ಆವೃತ್ತಿಗೆ ಬ್ರೌಸರಿನವರ ಒಪ್ಪಿಗೆ ಬಂದಿದೆಯೇ ಎಂದು ನೋಡಿದ್ದು, ಬಂದಿತ್ತು, ರಾಯಚೂರಿನಿಂದ ದೇವದುರ್ಗಕ್ಕೆ ಬಸ್ಸು ಹಿಡಿದದ್ದು.

ಶೇಂಗಾದ ಪಕ್ಕದಲ್ಲಿ ಎಕ್ಸ್‌ಟೆನ್ಶನ್ ಬಂದು ಕುಳಿತದ್ದು ಕಂಡು ನಿಮಗೆ ನಗು ಬಂದೀತು. ನನಗೆ ಎರಡೂ ಮನೆಗೆಲಸವೇ. ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುವ ನಾನು, ಬಿಡುವಿನ ವೇಳೆಯಲ್ಲಿ ಬ್ರೌಸರಿಗೊಂದು ಚಿಕ್ಕ ಬಾಲಂಗೋಚಿ ಕಟ್ಟಿದೆ, ಅದೇ ಈ ಎಕ್ಸ್‌ಟೆನ್ಶನ್. ಮೂಲೆಯ ಗುರುತನ್ನು ಒತ್ತಿದರೆ ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಬರೆದು ‘ಪ್ರಕಟಿಸು’ ಎಂದರೆ ಬರಹ ನೇರವಾಗಿ ನಿಮ್ಮ ಬ್ಲಾಗಿಗೆ ಹೋಗುತ್ತದೆ. ಬಳಸುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ಮೊದಲಿಗಳು, ಮಾನ್ವಿಯಲ್ಲಿ ಶಾಲೆಯ ನೌಕರಿ ಮುಗಿಸಿ ಕುಳಿತಿರುವ ನನ್ನಕ್ಕ. ಅವಳು ಅದನ್ನು ಡಬ್ಬಿ ಎನ್ನುತ್ತಾಳೆ.

ಅಕ್ಕ ಬರೆಯುವುದು ನಮ್ಮ ಯವ್ವನ ಮಾತನ್ನು. ದೇವದುರ್ಗದಲ್ಲಿ ನಮ್ಮ ತಮ್ಮನ ಸಂಸಾರದ ನಡುವೆ ಇರುವ ಯವ್ವ, ಹರೆಯದಲ್ಲಿ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯವರೆಗೆ ನಡೆದವಳು. ದಿನಾ ಸಂಜೆ ಫೋನಿನಲ್ಲಿ ಅವಳು ಹೇಳುವುದನ್ನು ಅಕ್ಕ ಡಬ್ಬಿಗೆ ತುಂಬುತ್ತಾಳೆ, ಆದರೆ ‘ಪ್ರಕಟಿಸು’ ಒತ್ತುವುದಿಲ್ಲ. ವಾರಕ್ಕೊಮ್ಮೆ ದೇವದುರ್ಗಕ್ಕೆ ಹೋಗಿ ಯವ್ವನ ಎದುರು ಕುಳಿತು ಓದಬೇಕು, ಯವ್ವ ‘ಹೂಂ’ ಅನ್ನಬೇಕು, ಆಮೇಲೆಯೇ ಊರವರ ಪಾಲು. ಮುಚ್ಚಿದರೆ ಬರಹ ಹೋದೀತೆಂದು ಅಲ್ಲಿಯವರೆಗೂ ಬ್ರೌಸರು ಮುಚ್ಚುವ ಮಾತೇ ಇಲ್ಲ. ಕಂಪ್ಯೂಟರಿನ ಮುಚ್ಚಳ ಮುಚ್ಚಿ ಮೇಲೊಂದು ಟವೆಲು ಹೊದಿಸಿ ಇಡುತ್ತಾಳೆ.

ಮಣ್ಣಿನ ಮಾಳಿಗೆಯಲ್ಲಿ ಬೆಳೆದವರಿಗೆ ಗೊತ್ತು, ಮನೆ ಒಮ್ಮೆ ಕಟ್ಟಿದರೆ ಮುಗಿಯುವುದಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಕಿ ತುಳಿಯಬೇಕು. ಎಕ್ಸ್‌ಟೆನ್ಶನ್ನಿನ ಬಾಳೂ ಅಷ್ಟೇ. ಬ್ರೌಸರಿನವರು ನಿಯಮ ಬದಲಿಸಿದರು: ತೆರೆಯ ಹಿಂದೆ ದುಡಿಯುವ ಭಾಗ ಇನ್ನು ಸದಾ ಎಚ್ಚರ ಇರುವಂತಿಲ್ಲ, ಕೆಲಸವಿಲ್ಲದಾಗ ಮಲಗಬೇಕು, ಕರೆದಾಗ ಏಳಬೇಕು. ಎದ್ದಾಗ ಅದಕ್ಕೆ ಹಿಂದಿನದೊಂದೂ ನೆನಪಿರುವುದಿಲ್ಲ. ನಾನು ತಿಂಗಳುಗಟ್ಟಲೆ ಕುಳಿತು ಎಲ್ಲ ತಿದ್ದಿದೆ, ಪರೀಕ್ಷಿಸಿದೆ. ಬರೆ, ಒತ್ತು, ಹೋಯಿತು. ಮತ್ತೆ ಬರೆ, ಒತ್ತು, ಹೋಯಿತು. ನಾನು ಬರೆಯುವ ಹಾಗೆ ಪರೀಕ್ಷಿಸಿದೆನೇ ಹೊರತು ಅಕ್ಕ ಬರೆಯುವ ಹಾಗಲ್ಲ. ಕಾಯುವುದನ್ನು ಪರೀಕ್ಷಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕಳೆದ ವಾರ ಆ ಹೊಸ ಆವೃತ್ತಿ ಬಿಟ್ಟ ದಿನವೇ ಅಕ್ಕನ ಫೋನು ಬಂತು.

“ಲೇ ಸರೂ, ಡಬ್ಬ್ಯಾಗ ಏನೂ ಇಲ್ಲಲೇ. ನೀ ಏನರ ಮಾಡೀಯೇನು?”

“ಹೊಸಾದು ಹಾಕೀನಿ ಅಕ್ಕಾ. ನೀ ಬರ್ದಿದ್ದು ಒತ್ತಿ ಕಳಿಸಿದ್ದಿ ಹೌದಿಲ್ಲೋ?”

“ಯವ್ವ ಕೇಳಲಾರದ ಹ್ಯಾಂಗ ಒತ್ತಲಿ? ಎಂಟು ದಿನದ್ದು ಇತ್ತು. ಕುರಿ ಹೆಸರೆಲ್ಲಾ ಅದರಾಗ ಇದ್ದುವು.” ಆಮೇಲೆ, “ಇನ್ನ ಮ್ಯಾಲ ಹಾಳ್ಯಾಗ ಬರೀತೀನಿ ಬಿಡು. ನಿನ್ನ ಡಬ್ಬಿ ನಿನಗ ಇರಲಿ” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಳೆಯದರ ನೆನಪಿನಲ್ಲಿದ್ದ ಬರಹವನ್ನು ಹೊಸದಕ್ಕೆ ದಾಟಿಸದೆ ಬಿಟ್ಟವಳು ನಾನೇ. ಯವ್ವ ಬೆಳಗ್ಗೆ ಹೇಳಿದ್ದನ್ನು ಸಂಜೆ ಹುಡುಕಾಡುವ ವಯಸ್ಸಿನವಳು. ಎಂಟು ದಿನ ಒಂದೊಂದಾಗಿ ಬಂದ ಹೆಸರುಗಳು ಮತ್ತೆ ಬಂದಾವೆಂಬ ಖಾತ್ರಿ ಯಾರಿಗಿತ್ತು? ಅಳುತ್ತ ಕೂಡುವ ಜಾಯಮಾನ ನಮ್ಮ ಮನೆಯದಲ್ಲ. ಕಾಲೇಜಿನಿಂದ ಬಂದವಳೇ ಚಾ ಕುಡಿದು ಕುಳಿತೆ, ಮರುದಿನವೂ ಕುಳಿತೆ. ಈಗ ಒಂದೊಂದು ಅಕ್ಷರ ಬಿದ್ದಂತೆ ಅದು ಡಿಸ್ಕಿನ ಮೇಲೆ ದಾಖಲಾಗುತ್ತದೆ; ಮಲಗಲಿ, ಏಳಲಿ, ಆವೃತ್ತಿ ಬದಲಾಗಲಿ, ಡಬ್ಬಿ ತೆರೆದರೆ ಬರಹ ಇರಬೇಕು. ಈ ಸಲ ಬರೆದಿಟ್ಟು ಕಾದೆ. ಸಾರು ಕುದಿಯುವಷ್ಟು ಹೊತ್ತು ಕಾದೆ, ಬಟ್ಟೆ ಒಣಗುವಷ್ಟು ಹೊತ್ತು ಕಾದೆ, ಒಂದಿಡೀ ದಿನ ಕಾದೆ.

ದೇವದುರ್ಗದ ಪಡಸಾಲೆಯಲ್ಲಿ ಅಕ್ಕ ನನಗಿಂತ ಮೊದಲೇ ಬಂದು ಕುಳಿತಿದ್ದಳು, ತೊಡೆಯ ಮೇಲೆ ನೋಟ್‌ಬುಕ್ಕು. ಕಂಪ್ಯೂಟರು ತಂದಿದ್ದಳು, ಟವೆಲು ಬಿಚ್ಚಿರಲಿಲ್ಲ.

“ಯವ್ವಾ, ಕುರಿ ಹೆಸರು ಇನ್ನೊಮ್ಮಿ ಹೇಳು” ಎಂದಳು ಅಕ್ಕ.

“ಎಂಥಾ ಹೆಸರ ಬೇ? ಕುರಿಗೆ ಯಾರರ ಹೆಸರ ಇಡ್ತಾರೇನು?”

ಅಕ್ಕ ನನ್ನತ್ತ ನೋಡಿದಳು. ಆ ನೋಟವನ್ನು ಇಲ್ಲಿ ಬರೆಯಲಾರೆ. ಆದರೆ ಸೋಲುವ ಮನಸ್ಸಿರಲಿಲ್ಲ. ಹೆಸರು ಕೇಳುವುದನ್ನು ಬಿಟ್ಟು ದಾರಿ ಕೇಳಿದೆ.

“ಯವ್ವಾ, ಗುಡ್ಡ ಇಳದ ಮ್ಯಾಲ ಮುಂದ ಯಾವುದು ನಡೀತಿತ್ತು?”

“ಮುಂದ ಕರಿಕಿವಿ,” ಯವ್ವ ತಟ್ಟನೆ ಅಂದಳು, “ಅದು ನಡದ್ರ ಎಲ್ಲಾ ನಡೀತಿದ್ದುವು. ಅದರ ಹಿಂದ ಚಂದ್ರಿ. ಅದರ ಬಾಲಕ್ಕ ಅಂಟಿಕೊಂಡು ಕುಂಟಿ. ಹಳ್ಳ ಬಂತಂದ್ರ ಆ ಹೊಳಿದಾಟಿ ಅನ್ನೂದು ಎಲ್ಲಾರ್ನೂ ದೂಡಿ ಮುಂದ ಬರ್ತಿತ್ತು, ಬಾಡಕೋ.”

ನೆನಪೆಂದರೆ ಕಪಾಟಿನಲ್ಲಿ ಒಂದರ ಪಕ್ಕ ಒಂದು ಇಟ್ಟ ಸಾಮಾನು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಮಕ್ಕಳಿಗೂ ಹಾಗೆಯೇ ಕಲಿಸಿದ್ದೆ. ಯವ್ವನ ನೆನಪು ನಡೆಯುವಂಥದು. ಒಂದರ ಹಿಂದೆ ಒಂದು ಬರುತ್ತದೆ, ಮುಂದಿನದನ್ನು ಹೊರಡಿಸಿದರೆ ಹಿಂದಿನವು ತಾವಾಗಿ ಹೊರಡುತ್ತವೆ.

ಅಕ್ಕ ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. ನಾನು ಟವೆಲು ತೆಗೆದು, ತಿದ್ದಿದ ಆವೃತ್ತಿ ಹಾಕಿ, ಕಂಪ್ಯೂಟರನ್ನು ಅವಳ ಮುಂದೆ ಸರಿಸಿದೆ. “ಇದರಾಗ ಬರಿ. ಮುಚ್ಚು. ಚಾ ಕುಡಿ. ಆಮ್ಯಾಲ ತಗದು ನೋಡು.” ಬರೆದಳು, ಮುಚ್ಚಿದಳು, ಬೇಕೆಂತಲೇ ಎರಡು ಕಪ್ಪು ಕುಡಿದಳು. ತೆರೆದರೆ ಕರಿಕಿವಿಯಿಂದ ಹೊಳಿದಾಟಿಯವರೆಗೆ ಎಲ್ಲವೂ ಇದ್ದವು. “ಈ ಸಲ ನಂಬ್ತೀನಿ,” ಎಂದಳು, “ನೋಟ್‌ಬುಕ್ಕೂ ಇರ್ಲಿ.”

ಅವಳು ಓದಿದಳು, ಯವ್ವ ಕೇಳಿದಳು, ‘ಹೂಂ’ ಅನ್ನಲಿಲ್ಲ.

“ಇನ್ನೆರಡು ಇದ್ದುವಲ್ಲ. ಎಲ್ಯಾರ ಮೇಯಾಕ ಹೋಗ್ಯಾವ. ಬಂದ ಮ್ಯಾಲ ಕಳಸ್ರಿ.”

“ಯಾವಾಗ ಬರ್ತಾವ ಯವ್ವಾ?”

“ಅವಕ್ಕೇನು ನಿಮ್ಮಾಂಗ ಗಡಿಯಾರ ಅದ ಏನು?”

ಅಕ್ಕ ‘ಪ್ರಕಟಿಸು’ ಒತ್ತದೆ ಕೈ ಹಿಂದೆಗೆದಳು. ಎರಡು ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ಅವು ಬರುವವರೆಗೆ, ನಾಳೆಯೋ ಮುಂದಿನ ವಾರವೋ, ನನ್ನ ಡಬ್ಬಿ ಆ ಜಾಗವನ್ನು ಕಾದಿಡಬೇಕು. ಕಾದಿಡುತ್ತದೆ.

ಮಧ್ಯಾಹ್ನ ಉಂಡದ್ದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೊದಲು ನಿದ್ದೆ ಹೋದವಳು ಅಕ್ಕ, ಕೈ ತೊಳೆದ ಐದೇ ನಿಮಿಷಕ್ಕೆ. ಅವಳ ಹಿಂದೆ ತಮ್ಮ. ಯವ್ವ ಮಾತ್ರ ಮಲಗಿಲ್ಲ. ಗೋಡೆಗೆ ಒರಗಿ, ತುಟಿಯಲ್ಲೇ ಏನೋ ಅಂದುಕೊಳ್ಳುತ್ತ ಬಾಗಿಲ ಕಡೆ ನೋಡುತ್ತಿದ್ದಾಳೆ. ನಾನು ಪಕ್ಕದಲ್ಲಿ ಎಚ್ಚರ ಕುಳಿತಿದ್ದೇನೆ.