ಡಬ್ಬಿಯಲ್ಲಿ ಉಳಿದ ಶೇಂಗಾ

ಖಾನಾಪುರದ ಸಂತೆಯಲ್ಲಿ ಶೇಂಗಾ ಮಾರುವವರು ಗಿರಾಕಿಯ ಕೈಗೆ ನಾಲ್ಕು ಕಾಳು ಹಾಕಿ, ತಾವೂ ಎರಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಾಲು ಚಲೋ ಐತಿ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅಗಿದು ತೋರಿಸಬೇಕು. ಅವತ್ತು ನಾನೂ ಚಿಗವ್ವನೂ ಶೇಂಗಾ ಕೊಳ್ಳಲು ನಿಂತಾಗ ಮಾರುವ ಮನುಷ್ಯ ನಮಗೆ ಕೊಟ್ಟ, ತಾನು ತಿನ್ನಲಿಲ್ಲ. ಚಿಗವ್ವನ ಬಾಯಲ್ಲಿ ಎಲೆಯಡಿಕೆ ಇತ್ತು. ನನಗೆ ಹಸಿ ಶೇಂಗಾ ತಿಂದರೆ ಪಿತ್ತ. ಹಾಗಾಗಿ ಮೂವರಲ್ಲಿ ಯಾರೂ ತಿನ್ನಲಿಲ್ಲ. ಅವನು ತಿನ್ನದಿದ್ದುದನ್ನು ನಾನು ನೋಡಿದ್ದೆ. ನೋಡಿಯೂ ಎರಡು ಕಿಲೋ ತೂಗಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಚಿಗವ್ವ ನನ್ನ ಅವ್ವನ ತಂಗಿ. ಲೋಂಡಾ ರಸ್ತೆಯ ಒಂದು ಊರಿನಲ್ಲಿ ಭತ್ತ ಬೆಳೆಯುತ್ತಾಳೆ. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವಳು, ನಲವತ್ತು ದಾಟಿದ ಮೇಲೆ ಹತ್ತನೆಯದು ಪಾಸಾಗಲೇಬೇಕು ಎಂದು ಹಟ ಹಿಡಿದು ಆನ್‌ಲೈನ್ ಕೋರ್ಸಿಗೆ ಹೆಸರು ಹಚ್ಚಿದಳು. ಐದು ವಿಷಯಗಳಲ್ಲಿ ಒಂದು ಕೃಷಿ. ಅವಳ ಊರಿನಲ್ಲಿ ನೆಟ್‌ವರ್ಕ್ ಇಲ್ಲ. ಪ್ರತಿ ಶನಿವಾರ ಬಸ್ಸು ಹತ್ತಿ ಬೆಳಗಾವಿಗೆ, ಕ್ಯಾಂಪಿನಲ್ಲಿರುವ ನನ್ನ ಬಾಡಿಗೆ ಖೋಲಿಗೆ ಬರುತ್ತಿದ್ದಳು. ನಾನು ಬಿ.ಕಾಂ. ಮಾಡಿ ಆಫೀಸೊಂದರಲ್ಲಿ ಕೆಲಸಕ್ಕಿರುವವಳು. ಸಸಿ ಯಾವುದು, ಕಳೆ ಯಾವುದು ನನಗೆ ಗೊತ್ತಿಲ್ಲ. ನನ್ನ ಕೆಲಸ ಫೋನು ಹಿಡಿಯುವುದು, ಅವಳಿಗೆ ಬರೆಯಲು ಆಗದಷ್ಟು ಬೇಗ ಸರ್ ಹೇಳಿದ್ದನ್ನು ಬರೆದುಕೊಳ್ಳುವುದು.

"ನಾಟಿ ಮಾಡುವಾಗ ಗದ್ದೆಯಲ್ಲಿ ನೀರು ಎಷ್ಟಿರಬೇಕು?" ಎಂದು ಸರ್ ಕೇಳಿದರೆ ಚಿಗವ್ವ ನನ್ನ ಕಡೆ ತಿರುಗಿ, "ಈ ಸರ್ ಒಮ್ಮೆರ ಕೆಸರಾಗ ಕಾಲ ಇಟ್ಟಾರೇನ ಕೇಳ," ಎನ್ನುತ್ತಿದ್ದಳು. ಮೈಕು ಬಂದ್ ಮಾಡಲು ಅವಳಿಗೆ ನೆನಪಿರುತ್ತಿರಲಿಲ್ಲ. ಇಡೀ ಕ್ಲಾಸು ಕೇಳಿ ನಗುತ್ತಿತ್ತು.

ಜೂನಿನಲ್ಲಿ ಬೀಜೋಪಚಾರದ ಪಾಠ ಬಂತು. ಬಿತ್ತುವ ಬೀಜಕ್ಕೆ ಹುಳ ಹತ್ತದಂತೆ ಔಷಧ ಲೇಪಿಸುತ್ತಾರೆ, ಮನುಷ್ಯರು ತಿನ್ನಬಾರದೆಂದು ಅದಕ್ಕೆ ಬಣ್ಣ ಬೆರೆಸುತ್ತಾರೆ ಎಂದರು ಸರ್. ಪರದೆಯ ಮೇಲೆ ಗುಲಾಬಿ ಬಣ್ಣದ ಗೋವಿನಜೋಳ ತೋರಿಸಿದರು.

"ಸರ್ರ, ಗೋವಿನಜ್ವಾಳಾ ಸರಿ," ಎಂದಳು ಚಿಗವ್ವ. "ಶೇಂಗಾ ಮೊದಲ ಕೆಂಪ ಇರತೈತಿ. ಅದಕ್ಕ ಮತ್ತ ಕೆಂಪ ಹಚ್ಚಿದರ ಯಾರಿಗಿ ತಿಳೀಬೇಕ್ರಿ?"

ಹುಡುಗರು ನಕ್ಕರು. ಸರ್ ಕೂಡ ನಕ್ಕು, "ಒಳ್ಳೆಯ ಪ್ರಶ್ನೆ, ಮುಂದಿನ ಕ್ಲಾಸಿನಲ್ಲಿ ನೋಡೋಣ," ಎಂದರು. ಮುಂದಿನ ಕ್ಲಾಸಿನಲ್ಲಿ ಗೊಬ್ಬರದ ಪಾಠ ನಡೆಯಿತು.

ಶೇಂಗಾ ತಂದ ವಾರದ ಶನಿವಾರ ನನ್ನ ಮಿಕ್ಸರಿನಲ್ಲಿ ಚಟ್ನಿ ಮಾಡುವುದೆಂದು ಮಾತಾಗಿತ್ತು. ಅವಳು ಬರುವುದು ತಡವಾಯಿತು, ಉಂಡೂ ಇರಲಿಲ್ಲ. ಕ್ಲಾಸು ಶುರುವಾಗಿತ್ತು. ಹುರಿಯುವವರೆಗೆ ಕಾಯದೆ ಒಂದು ಬಟ್ಟಲು ಹಸಿ ಶೇಂಗಾ ಮಡಿಲಲ್ಲಿಟ್ಟುಕೊಂಡು ಕುಳಿತಳು. ಬರುತ್ತಲೇ ತೊಳೆದ ಒದ್ದೆ ಕೈಯಿಂದ ನನಗೂ ಐದಾರು ಕೊಟ್ಟಳು. ನಾನು ಅವನ್ನು ನೋಟ್‌ಬುಕ್ಕಿನ ಮೇಲಿಟ್ಟು ಬರೆಯುತ್ತ ಹೋದೆ.

ಆ ಕ್ಲಾಸಿನ ರೆಕಾರ್ಡಿಂಗ್ ಇದೆ. ಯಾರು ಬೇಕಾದರೂ ತೆಗೆದು ಕೇಳಬಹುದು. ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜೇಡಿಮಣ್ಣು ಎಷ್ಟು ನೀರು ಹಿಡಿಯುತ್ತದೆ ಎಂದು ಸರ್ ಹೇಳುತ್ತಿದ್ದಾರೆ, ಅವರ ಮಾತಿನ ಹಿಂದೆ ಕಟುಂ ಕಟುಂ ಎಂದು ಸದ್ದು. "ಯಾರೋ ಏನೋ ಅಗಿಯುತ್ತಿದ್ದೀರಿ, ದಯವಿಟ್ಟು ಮ್ಯೂಟ್ ಮಾಡಿ," ಎನ್ನುತ್ತಾರೆ. ಚಿಗವ್ವ ನಗುತ್ತಾಳೆ. ಮತ್ತೆ ಕಟುಂ ಕಟುಂ. ಆಮೇಲೆ ಆ ಸದ್ದು ನಿಲ್ಲುತ್ತದೆ.

ಸದ್ದು ನಿಲ್ಲುವುದಕ್ಕೆ ಹತ್ತು ನಿಮಿಷ ಮೊದಲೇ ನಾನು ಆ ಕಲೆಗಳನ್ನು ನೋಡಿದ್ದೆ. ನೋಟ್‌ಬುಕ್ಕಿನ ಮೇಲೆ ಕಾಳು ಇದ್ದಲ್ಲೆಲ್ಲ ಗುಲಾಬಿ ಚುಕ್ಕಿ. ಹಾಳೆ ಹೊಲಸಾಯಿತಲ್ಲ ಎಂದು ಕಾಳನ್ನು ಪಕ್ಕಕ್ಕೆ ಸರಿಸಿ ಬರೆದೆ. ಅಷ್ಟೇ. ಅದೇ ಪುಸ್ತಕದ ಹಿಂದಿನ ಪುಟವೊಂದರಲ್ಲಿ ನನ್ನದೇ ಅಕ್ಷರದಲ್ಲಿ "ಬಣ್ಣ ಹಚ್ಚಿದ ಬೀಜ ತಿನ್ನಬಾರದು" ಎಂದಿತ್ತು.

"ಏ, ಆ ಸರ್ ಎರಡೆರಡ ಕಾಣಾತಾರ," ಎಂದಳು ಚಿಗವ್ವ. ತಿರುಗಿ ನೋಡಿದರೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕುಪ್ಪಸ ಬೆವರಿಗೆ ತೊಯ್ದು ಹೋಗಿತ್ತು. ಏಳಲು ಹೋಗಿ ನನ್ನ ಮೇಲೆಯೇ ವಾಂತಿ ಮಾಡಿದಳು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಂದ್ ಮಾಡದ ಫೋನು ನನ್ನ ಮುಷ್ಟಿಯಲ್ಲಿ ಇನ್ನೂ ಮಣ್ಣಿನ ಪಾಠ ಹೇಳುತ್ತಿತ್ತು.

ಕೀಟನಾಶಕ ಎಂದರು ಡಾಕ್ಟರು. ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತಂತೆ. ಆರು ದಿನ ಅವಳನ್ನು ಅಲ್ಲೇ ಇಟ್ಟುಕೊಂಡರು. ಬದುಕಿದಳು. ಬಲಗೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಪರೀಕ್ಷೆ ತಪ್ಪಿತು.

ಅವಳಿಗೆ ಎಚ್ಚರವಾದ ಮರುದಿನವೇ ನಾನು ಖಾನಾಪುರಕ್ಕೆ ಹೋದೆ. ಶೇಂಗಾ ಮಾರಿದ ಆ ಮನುಷ್ಯನದು ಬಿತ್ತನೆ ಬೀಜದ ಅಂಗಡಿ. ಸಂತೆಯ ದಿನ ಮಾತ್ರ ಮುಂದೆ ತಾಡಪತ್ರಿ ಹಾಸಿ ಕಾಳುಕಡಿ ಮಾರುತ್ತಾನೆ. ಅಂದು ಬಾಗಿಲು ಹಾಕಿತ್ತು. ಅವನಲ್ಲಿ ಕೂಲಿ ಮಾಡುವ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕುಳಿತಿದ್ದಳು. ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳಿದಳು: "ಬಿತ್ತಾಕ ತಂದದ್ದು ಎರಡ ಚೀಲ ಉಳದಿತ್ತರಿ ಅಕ್ಕಾರ. ನಾನ ತೊಳದು ಒಣಗಿಸೀನಿ, ಮೂರ ನೀರಾಗ. ನೀರ ನೋಡಬೇಕಿತ್ತ ನೀವು, ಗುಲಾಲ ಕಲಸಿದಂಗ ಆಗಿತ್ತು."

ದೂರು ಕೊಡಲು ಹೋದ ಕಡೆ, "ಬಿಲ್ ಐತೇನ್ರಿ?" ಎಂದು ಕೇಳಿದರು. ಸಂತೆಯಲ್ಲಿ ಶೇಂಗಾ ಕೊಂಡು ಬಿಲ್ಲು ಕೇಳಿದವರನ್ನು ನಾನು ಕಂಡಿಲ್ಲ. ದವಾಖಾನೆಗೆ ಪರೀಕ್ಷೆಗೆಂದು ಕೊಟ್ಟು ಮಿಕ್ಕದ್ದರಲ್ಲಿ ಎರಡು ಹಿಡಿ ಕಾಳನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ, ಉಳಿದದ್ದನ್ನು ಮಣ್ಣಲ್ಲಿ ಹೂತೆ. ಅವನನ್ನು ಹಿಂಡಲಗಾ ಜೈಲಿಗೆ ಕಳಿಸುವ ಆಸೆ ಅಲ್ಲಿಗೆ ಬಿಟ್ಟೆ. ಅದಕ್ಕಿಂತ ಹಗುರವಾದದ್ದು ನನಗೆ ಬೇಕಿತ್ತು. ಅವನು ತನ್ನ ಮಾಲನ್ನು ತಾನು ತಿನ್ನಬೇಕು, ಸಂತೆಯ ನಡುವೆ, ನಾನು ನೋಡುತ್ತಿರುವಾಗ.

ಎರಡು ತಿಂಗಳ ನಂತರ ಸಂತೆಯ ದಿನ ಹೋದೆ. ನಾನು ಬೇಡವೆಂದರೂ ಚಿಗವ್ವ ಬೆನ್ನು ಹತ್ತಿ ಬಂದಳು. ಅವನ ಮುಂದೆ ಏಳೆಂಟು ಗಿರಾಕಿಗಳಿದ್ದರು. ನಾನು ಡಬ್ಬಿ ತೆಗೆದೆ, ಒದ್ದೆ ಮಾಡಿ ತಂದಿದ್ದ ಬಿಳಿ ಕರವಸ್ತ್ರದಲ್ಲಿ ನಾಲ್ಕು ಕಾಳು ಉಜ್ಜಿ ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದೆ.

"ನಿಮ್ಮ ಕಡೆ ತಗೊಂಡದ್ದರಿ ಇದು. ಈ ಬಣ್ಣಾ ಏನ್ರಿ?"

"ಶೇಂಗಾದ ಸಿಪ್ಪಿ ಬಣ್ಣಾ ಅದು, ಮತ್ತೇನ? ಸಾಲಿ ಕಲತಾಕಿ ಕಾಣ್ತೀ, ಇಷ್ಟೂ ಗೊತ್ತಿಲ್ಲೇನವಾ?" ಎಂದು ಅವನು ಗಿರಾಕಿಗಳ ಕಡೆ ನೋಡಿ ನಕ್ಕ.

"ಹಂಗಾರ ಚಲೋ ಮಾಲ ಅನ್ರಿ?"

"ಒಂದ ನಂಬರ್ ಮಾಲ."

"ತಿನ್ರಿ ಮತ್ತ."

ಡಬ್ಬಿಯನ್ನು ಅವನ ಮುಂದೆ ಚಾಚಿದೆ. ಯಾರೋ ಮರಾಠಿಯಲ್ಲಿ, "ಖಾ ನಾ, ಖಾ," ತಿನ್ನು ಎಂದು ಚೇಷ್ಟೆ ಮಾಡಿದರು. ಅವನು ನನ್ನನ್ನೇ ದಿಟ್ಟಿಸುತ್ತ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ. ಹೆಂಗಸೊಬ್ಬಳು ಎಲ್ಲರೆದುರು ಸೋಲಿಸುವುದು ಅವನಿಗೆ ವಿಷಕ್ಕಿಂತ ಕಷ್ಟವಾಗಿತ್ತೇನೋ. ಎರಡು ಸಲ ಅಗಿದ. ಕಟುಂ ಕಟುಂ. ರೆಕಾರ್ಡಿಂಗಿನದ್ದೇ ಸದ್ದು. ಆಮೇಲೆ ದವಡೆ ನಿಂತಿತು. ಒಂದು ಗಲ್ಲ ಉಬ್ಬಿಕೊಂಡಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಣ್ಣಲ್ಲಿ ನೀರು ಬಂತು.

"ನುಂಗ್ರಿ," ಎಂದೆ.

ಅವನು ಸತ್ತರೆ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಯೋಚಿಸಿಯೇ ಇನ್ನೊಮ್ಮೆ, "ನುಂಗ್ರಿ," ಎಂದೆ.

ಚಿಗವ್ವ ನನ್ನನ್ನು ದೂಡಿ ಮುಂದೆ ಬಂದಳು. ನಡುಗುವ ಕೈಯನ್ನು ಅವನ ಗದ್ದದ ಕೆಳಗೆ ಹಿಡಿದು, "ಉಗುಳೋ ಯಪ್ಪಾ, ಉಗುಳ. ಹೊಟ್ಟ್ಯಾಗ ಹೋದರ ಏನ ಆಗತೈತಿ ನನಗ ಗೊತ್ತೈತಿ," ಎಂದಳು.

ಅವನು ಅವಳ ಅಂಗೈಯೊಳಗೇ ಉಗುಳಿದ. ಒಳಗೆ ಓಡಿ ಬಾಯಿ ತೊಳೆದುಕೊಂಡ, ಮತ್ತೆ ಮತ್ತೆ ತೊಳೆದುಕೊಂಡ. ಹೊರಗೆ ನೀರಿನ ಸದ್ದು ಕೇಳುತ್ತಲೇ ಇತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಚೀಲ ಸುರುವಿ ಕಾಳನ್ನು ತಾಡಪತ್ರಿಗೇ ಚೆಲ್ಲಿ ಹೋದರು. ಅಂದಿನಿಂದ ಅವನು ಸಂತೆಯಲ್ಲಿ ಕಾಳು ಮಾರಲು ಕುಳಿತಿಲ್ಲ.

ಬಸ್ಸಿನಲ್ಲಿ ನಾನು ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಕುಳಿತೆ. ಖಾನಾಪುರ ದಾಟಿದ ಮೇಲೆ ಅವಳೇ, "ಸಿಟ್ಟೇನ?" ಎಂದಳು.

"ನೀ ಯಾಕ ನಡುವ ಬಂದಿ?"

"ತಿಂದಾಕಿ ನಾನು. ನೀ ಬರೇ ನೋಡೀದಿ," ಎಂದು ಕಿಟಕಿಯ ಕಡೆ ತಿರುಗಿದಳು.

ಬರೇ ನೋಡಿದವಳಿಗೆ ಏನಾಗುತ್ತದೆ ಎಂದು ಅವಳಿಗೆ ಹೇಳಲಿಲ್ಲ. ಈಗ ಮತ್ತೆ ಶನಿವಾರ ಬರುತ್ತಾಳೆ. ಕೈ ನಡುಗುವುದರಿಂದ ಪೂರ್ತಿ ನಾನೇ ಬರೆಯುತ್ತೇನೆ. ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಅವಳ ಮೊದಲ ಮಾತು, "ಆ ಡಬ್ಬಿ ಎಲ್ಲೈತಿ?"

"ಚೆಲ್ಲೀನಿ," ಎನ್ನುತ್ತೇನೆ.

"ಖರೇನ?"

"ಖರೇನ."

ಸರ್ ಹಾಜರಿ ಶುರು ಮಾಡುತ್ತಾರೆ. ಡಬ್ಬಿ ಅವಳ ತಲೆಯ ಮೇಲೆ ಗೋಡೆಯ ಮಾಡದಲ್ಲಿ, ಹಳೆಯ ನೋಟ್‌ಬುಕ್ಕುಗಳ ಹಿಂದೆ ಇದೆ. ಇನ್ನೂ ಒಂದು ಹಿಡಿ ಉಳಿದಿದೆ.